ಸಸಿಗೆಂದು ಬಿಸಿಲಿಗಿಟ್ಟ ನೀರು

ಮೊಮ್ಮಗಳು ಹುಟ್ಟಿದ ದಿನ ಲಿಂಗಸುಗೂರಿನ ಆಸ್ಪತ್ರೆಯ ವರಾಂಡದಲ್ಲಿ ನಾನು ನಿಂತು ಅತ್ತದ್ದನ್ನು ನೋಡಿ ಬೆಂಚಿನ ಮೇಲಿದ್ದ ಮುದುಕಿಯೊಬ್ಬಳು ಎದ್ದು ಬಂದು ನನ್ನ ಬೆನ್ನು ಸವರಿದಳು. ಏನೋ ಕೆಟ್ಟದ್ದಾಗಿದೆ ಅಂದುಕೊಂಡಿದ್ದಳು ಪಾಪ. ಕೆಟ್ಟದ್ದೇನಿಲ್ಲ ತಾಯಿ, ಹೆಣ್ಣುಕೂಸು ಹುಟ್ಟಿದೆ ಅಂದೆ. ಅಷ್ಟಕ್ಕೆ ಇಷ್ಟು ಅಳಬೇಡ, ಮುಂದಿನದು ಗಂಡಾಗುತ್ತದೆ ಬಿಡು ಅಂತ ಸಮಾಧಾನ ಹೇಳಿದಳು. ನಾನು ಖುಷಿಗೆ ಅಳುತ್ತಿದ್ದೇನೆ ಅಂತ ಅವಳಿಗೆ ತಿಳಿಸಿ ಹೇಳುವುದರೊಳಗೆ ಸಾಕುಸಾಕಾಯಿತು. ಹೇಳಿದ ಮೇಲೂ ಅವಳು ನಂಬಲಿಲ್ಲ.

ನನಗಿರುವವಳು ಒಬ್ಬಳೇ ಮಗಳು. ಅವಳ ಕೂಸು ನೋಡಿದರೆ ನನ್ನ ಗಂಡನ ಕಿವಿ, ನನ್ನ ತಾಯಿಯ ಹುಬ್ಬು, ಕಾಲಿನ ಬೆರಳು ಮಾತ್ರ ಯಾರದೂ ಅಲ್ಲ, ಅದರದೇ. ಇಷ್ಟೇ ಇಷ್ಟು ಉಗುರು. ಬಿಕ್ಕಳಿಕೆ ಬಂದರೆ ಮೈಯೆಲ್ಲ ಕುಪ್ಪಳಿಸುತ್ತಿತ್ತು. ಪೇಡೆ ತರಲು ಅಂಗಡಿಗೆ ಹೋದರೆ ಅಂಗಡಿಯವನು ಹೆಣ್ಣಾದರೆ ಜಿಲೇಬಿ ಹಂಚುವುದು ರಿವಾಜು ಅಂದ. ಎರಡೂ ಕಟ್ಟು ಅಂದೆ. ವಾರ್ಡಿನಲ್ಲಿ ನಮ್ಮವರು ಪರರು ಅಂತ ನೋಡದೆ ಎಲ್ಲರ ಕೈಗೂ ಇಟ್ಟೆ. ಆ ಖುಷಿ ಇವತ್ತಿಗೂ ನನ್ನಲ್ಲಿ ಒಂದು ಹನಿಯೂ ಕಡಿಮೆಯಾಗಿಲ್ಲ. ಅದಕ್ಕೇ ಇದನ್ನು ಬರೆಯುವುದು ಕಷ್ಟ. ಯಾಕೆಂದರೆ ಆ ಕೂಸಿನ ಹೆಸರು ಹೇಳಿಯೇ ನನ್ನ ಮಗಳ ಕೈಗೆ ಬರಬೇಕಾಗಿದ್ದ ಒಂದು ತುಂಡು ನೆಲವನ್ನು ತಪ್ಪಿಸಿದರು. ತಪ್ಪಿಸಿದವರಿಗೆ ತಾವು ತಪ್ಪಿಸಿದೆವು ಅನ್ನುವುದೂ ಗೊತ್ತಿಲ್ಲ.

ನಮ್ಮ ಮನೆ ಮಸ್ಕಿಯ ಹೊರಗೆ, ಹೊಲದಲ್ಲೇ ಇದೆ. ಮಗಳನ್ನು ಕೊಟ್ಟದ್ದು ಸಿಂಧನೂರು ಕಡೆಯ ವಳಕಮದಿನ್ನಿಗೆ. ಅಲ್ಲಿ ಕಾಲುವೆ ನೀರು, ಎಲ್ಲಿ ನೋಡಿದರೂ ನೆಲ್ಲು. ಮೊದಲ ಬೆಳೆಗೆ ಏನೂ ತೊಂದರೆಯಿಲ್ಲ. ಎರಡನೆಯ ಬೆಳೆಗೆ ಸಸಿಮಡಿ ಬಿಡುವುದು ಮಾತ್ರ ಕೊರೆಯುವ ಚಳಿಯಲ್ಲಿ. ಮೊಳಕೆ ಬರುತ್ತದೆ, ಬೆರಳುದ್ದ ಆಗುತ್ತದೆ, ಆಮೇಲೆ ಹಳದಿಯಾಗಿ ನಿಂತುಬಿಡುತ್ತದೆ. ಬೆಳೆಯುವುದೂ ಇಲ್ಲ, ಸಾಯುವುದೂ ಇಲ್ಲ. ನಾಟಿ ತಡವಾಗುತ್ತದೆ. ಕಾಳು ಕಟ್ಟುವ ಹೊತ್ತಿಗೆ ಸರಿಯಾಗಿ ಕಾಲುವೆಯ ನೀರು ನಿಂತಿರುತ್ತದೆ. ನಮ್ಮ ಬೀಗರು, ಅಂದರೆ ಮಗಳ ಮಾವ, ದಿನಾ ಬೆಳಿಗ್ಗೆ ಮಡಿಯ ಮುಂದೆ ನಿಂತು ಸಾಲೆಗೆ ಹೋಗದ ಮಗನನ್ನು ಬೈದ ಹಾಗೆ ಆ ಸಸಿಗಳನ್ನು ಬೈಯುತ್ತಿದ್ದರಂತೆ. ಮಗಳು ಮದುವೆಯಾದ ಹೊಸದರಲ್ಲಿ ಫೋನಿನಲ್ಲಿ ಹೇಳಿ ನಗಿಸಿದ್ದಳು.

ಆದರೆ ಅವಳು ನಕ್ಕು ಬಿಡುವವಳಲ್ಲ. ಚಳಿಯಲ್ಲಿ ಸಸಿ ಬೆಳೆಸುವುದು ಅವಳಿಗೆ ಗೊತ್ತಿತ್ತು. ಮದುವೆಗೆ ಮುಂಚೆ ನಮ್ಮ ಹೊಲದಲ್ಲಿ ಅವಳೂ ಅವಳಪ್ಪನೂ ಕೂಡಿ ಕೊಳವೆ ಬಗ್ಗಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಒಂದು ಮನೆ ಮಾಡಿದ್ದರು. ನಾವು ಅದನ್ನು ಪ್ಲಾಸ್ಟಿಕ್ ಮನೆ ಅಂತಲೇ ಕರೆಯುತ್ತಿದ್ದೆವು. ಬದನೆ, ಟೊಮೆಟೊ ಸಸಿ ಮಾಡಿ ಸಂತೆಗೆ ಕಳಿಸುತ್ತಿದ್ದರು. ಮೊದಲ ವರ್ಷ ಚಳಿ ಬಿದ್ದಾಗ ಅಲ್ಲಿಯೂ ಇದೇ ಗತಿಯಾಯಿತು. ಹಗಲು ಒಳಗೆ ಹೋದರೆ ಮೈ ಬೆವರುತ್ತಿತ್ತು, ಹೊತ್ತು ಮುಳುಗಿದ ಮೇಲೆ ಒಳಗೂ ಹೊರಗೂ ಒಂದೇ ಥಂಡಿ. ಪ್ಲಾಸ್ಟಿಕ್ಕಿಗೆ ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುವುದು ಗೊತ್ತು, ಹಿಡಿದಿಡುವುದು ಗೊತ್ತಿಲ್ಲ.

ಹಿಡಿದಿಡುವುದು ಕಲ್ಲಿಗೆ ಗೊತ್ತು. ನಮ್ಮ ಅಂಗಳದಲ್ಲಿ ನಾನು ಜೋಳ ಹಸನು ಮಾಡುವ ಹಾಸುಗಲ್ಲೊಂದಿದೆ. ಚಳಿಗಾಲದಲ್ಲಿ ದೀಪ ಹಚ್ಚಿದ ಮೇಲೂ ಅದರ ಮೇಲೆ ಕೂತರೆ ಬೆಚ್ಚಗಿರುತ್ತದೆ. ಮನೆಯ ಬೆಕ್ಕಿಗೆ ನನಗಿಂತ ಮೊದಲೇ ಅದು ತಿಳಿದಿತ್ತು. ಮಗಳು ಪ್ಲಾಸ್ಟಿಕ್ ಮನೆಯೊಳಗೆ ಉತ್ತರದ ಬದಿಗೆ ಕರಿಕಲ್ಲು ಒಟ್ಟಿಸಿದಳು. ಸ್ವಲ್ಪ ಗುಣ ಕಂಡಿತು. ಆಮೇಲೆ ಲಿಂಗಸುಗೂರಿನ ಗುಜರಿಯಿಂದ ಕಬ್ಬಿಣದ ಡ್ರಮ್ಮು ತರಿಸಿ, ಬಾಯಿ ಕತ್ತರಿಸಿ, ಹೊರಗೆ ಕಪ್ಪು ಬಣ್ಣ ಬಳಿದು, ನೀರು ತುಂಬಿ, ಮೇಲೆ ಹಲಗೆ ಮುಚ್ಚಿ ಕಲ್ಲಿನ ಮುಂದೆ ಸಾಲಾಗಿ ನಿಲ್ಲಿಸಿದಳು. ನೀರು ಕಲ್ಲಿಗಿಂತ ಹೆಚ್ಚು ಬಿಸಿಲು ಕುಡಿಯುತ್ತದೆ ಅಂತ ಅವಳ ಲೆಕ್ಕ. ಸಂಜೆ ಡ್ರಮ್ಮಿಗೆ ಕೈ ಇಟ್ಟರೆ ಆಗಷ್ಟೇ ಕರು ಹಾಕಿದ ಎಮ್ಮೆಯ ಮೈ ಮುಟ್ಟಿದ ಹಾಗಿರುತ್ತಿತ್ತು. ಬೆಳಗಾಗುವುದರೊಳಗೆ ಆ ಬಿಸಿಯೆಲ್ಲ ನಿಧಾನವಾಗಿ ಸಸಿಗೆ ಸೇರಿ ಡ್ರಮ್ಮು ತಣ್ಣಗಾಗಿರುತ್ತಿತ್ತು. ಹೊರಗೆ ಬಿಸಿ ಹೋಗದಿರಲೆಂದು ಗೊಬ್ಬರದ ಚೀಲ ಬಿಚ್ಚಿ ನಾನೇ ದೊಡ್ಡ ಕೌದಿಗಳನ್ನು ಹೊಲಿದುಕೊಟ್ಟಿದ್ದೆ. ಹೊತ್ತು ಮುಳುಗುವಾಗ ಮನುಷ್ಯರಿಗೆ ಹೊದಿಸಿದ ಹಾಗೆ ಆ ಮನೆಗೆ ಕೌದಿ ಹೊದಿಸಿ ಬರುತ್ತಿದ್ದೆವು.

ನನಗೆ ನಾಲ್ಕನೆಯ ಇಯತ್ತೆಯವರೆಗಿನ ಓದು. ನನಗೆ ತಿಳಿಯಲಿ ಅಂತ ಅವಳು ಹೀಗೆ ಹೇಳಿದ್ದಳು: "ಬಿಸಿಲು ಬರೂದು ಹಗಲಿಗೆ, ಸಸಿಗೆ ಬೇಕಾಗೂದು ರಾತ್ರಿಗೆ. ನಡುವ ಇಡಾಕ ಒಂದು ಭಾಂಡೆ ಬೇಕವ್ವ, ಅಷ್ಟ."

ಗಂಡನ ಮನೆಯ ಹಿತ್ತಲಲ್ಲಿ ಕಾಲುವೆ ಕಡೆಗೆ ಒಂದು ಪಟ್ಟಿ ಜಾಗ ಖಾಲಿ ಬಿದ್ದಿತ್ತು. ಅಲ್ಲಿ ಇಂಥದೇ ಒಂದು ಮನೆ ಹಾಕಿ ನೆಲ್ಲಿನ ಸಸಿ ಮಾಡುತ್ತೇನೆ ಎಂದು ಅವಳು ಕೇಳಿದಳು. ಅಳಿಯನಿಗೆ ಮನಸ್ಸಿತ್ತು. ಆದರೆ ಅವನು ಅಪ್ಪನ ಮುಂದೆ ಬಾಯಿ ತೆರೆಯುವುದು ಊಟಕ್ಕೆ ಮಾತ್ರ. ಬೀಗರು ಆಗಲಿ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಬಸುರಿ ಮಗಳಿಗೆ ಕುಬಸ ಮಾಡಿ ನಮ್ಮ ಮನೆಗೆ ಕರೆತರುವ ದಿನ, ಹಸಿರು ಬಳೆ ತೊಡಿಸಿ ನಾಲ್ಕು ಜನ ಕೂತಿದ್ದಾಗ, ನಗುತ್ತಾ ಒಂದು ಮಾತು ಹೇಳಿದರು. ಹೆರಿಗೆಗೆ ಹೋಗುತ್ತೀಯಲ್ಲ, ಸಸಿ ಬಿಡುವುದೂ ಅದೇ ಕಾಲ. ತವರುಮನೆಯಲ್ಲೇ ನಮ್ಮ ಒಂದು ಮಡಿಗೆ ಆಗುವಷ್ಟು ಸಸಿ ಬೆಳೆಸಿ ತೋರಿಸು. ನನ್ನ ಮಡಿಗಿಂತ ಚೆನ್ನಾಗಿ ಬಂದರೆ ಹಿತ್ತಲ ಪಟ್ಟಿ ನಿನ್ನದು. ಬರದಿದ್ದರೆ ಅಲ್ಲಿ ಹುಲ್ಲಿನ ಬಣವೆ ಒಟ್ಟುತ್ತೇನೆ, ಆಮೇಲೆ ಈ ಮಾತು ತೆಗೆಯುವ ಹಾಗಿಲ್ಲ. ಎಲ್ಲರೂ ನಕ್ಕರು. ಮಗಳು ನಗಲಿಲ್ಲ. ಆಯಿತು ಮಾವ ಅಂದಳು.

ತುಂಬಿದ ಹೊಟ್ಟೆ ಹಿಡಿದುಕೊಂಡೇ ಅವಳು ಪ್ಲಾಸ್ಟಿಕ್ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಅಪ್ಪನ ಕೈಯಿಂದ ಮಡಿ ಮಾಡಿಸಿದಳು. ಮೊಳಕೆ ಕಟ್ಟಿದ ನೆಲ್ಲು ಚೆಲ್ಲಿಸಿದಳು. ಡ್ರಮ್ಮಿನ ಕಪ್ಪು ಹೋದಲ್ಲಿ ಮತ್ತೆ ಬಳಿಸಿದಳು. ನೋವು ಬಂದು ಲಿಂಗಸುಗೂರಿಗೆ ಕರೆದೊಯ್ಯುವ ಗಾಡಿಯಲ್ಲಿ ಕೂತಾಗಲೂ, ಅಪ್ಪಾ ಸಂಜೆಗೆ ಕೌದಿ ಮರೆಯಬೇಡ ಅಂದಳು. ಕೂಸನ್ನು ಎತ್ತಿಕೊಂಡು ನಾವು ತಿರುಗಿ ಬಂದಾಗ ಸಸಿ ಬೆರಳುದ್ದ ಬಂದಿತ್ತು. ಗಿಳಿಯ ರೆಕ್ಕೆಯ ಬಣ್ಣ. ನಮ್ಮ ಯಜಮಾನರು ಬೊಗಸೆ ಮಣ್ಣಿನ ಜೊತೆ ನಾಲ್ಕು ಸಸಿ ಕಿತ್ತು ತಂದು ಬಾಣಂತಿ ಕೋಣೆಯ ಹೊಸ್ತಿಲಲ್ಲಿ ನಿಂತು ತೋರಿಸಿದರು. ಒಂದು ಮಗ್ಗುಲಲ್ಲಿ ಕೂಸು, ಎದುರಿಗೆ ಸಸಿ. ಅವಳ ಮುಖ ನೋಡಿ ಇನ್ನೇನು ಬೇಕು ನನಗೆ ಅಂದುಕೊಂಡೆ.

ತೊಟ್ಟಿಲ ಕಾರ್ಯಕ್ಕೆ ಬೀಗರು ಎರಡು ಕ್ರೂಸರ್ ಗಾಡಿ ಮಾಡಿಕೊಂಡು ಬಂದರು. ಗದ್ದಲವೋ ಗದ್ದಲ. ಗುಗ್ಗರಿ ಹಂಚಿದೆವು, ಹೋಳಿಗೆ ಮಾಡಿದೆವು, ಸೋದರತ್ತೆ ಆದವಳು ಕೂಸಿನ ಕಿವಿಯಲ್ಲಿ ಹೆಸರು ಕರೆದಳು, ಕೂಸು ಅವಳ ಮೂಗು ಹಿಡಿಯಿತು. ನಾನು ಓಡಾಡಿದ್ದೇ ಓಡಾಡಿದ್ದು, ಕಾಲು ನೆಲಕ್ಕೆ ತಾಗಿದ್ದು ನೆನಪಿಲ್ಲ. ಉಳಿದವರೆಲ್ಲ ಹೋದ ಮೇಲೆ ಬೀಗರು, ಬೀಗತಿ, ಬೀಗತಿಯ ತಂಗಿಯ ಮಕ್ಕಳು ಉಳಿದರು. ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಹೊಲದಲ್ಲಿ ಕೂತು ಸಜ್ಜೆ ರೊಟ್ಟಿ, ಭಜ್ಜಿ ಉಂಡು ಹೋಗಿ ಅಂತ ಕೈ ಹಿಡಿದು ನಿಲ್ಲಿಸಿಕೊಂಡವರು ನಾವೇ. ಬೀಗರು ಇಷ್ಟು ದಿನ ಇದ್ದಾರೆ ಅಂದರೆ ಅದು ಮನೆಗೆ ಶೋಭೆ.

ಬಾಣಂತಿ ಇರುವ ಮನೆಯಲ್ಲಿ ಹಗಲೆಲ್ಲ ನೀರಿನದೇ ಕೆಲಸ. ದೊಡ್ಡ ಹಂಡೆಯ ತುಂಬ ನೀರು ಕುದಿಸಿ, ಬಾಣಂತಿಯನ್ನು ಕೂರಿಸಿ, ಮೈ ಕೆಂಪಾಗುವ ಹಾಗೆ ತಂಬಿಗೆ ತಂಬಿಗೆ ಸುರಿಯಬೇಕು. ಆಮೇಲೆ ಕೂಸಿಗೆ. ಆಮೇಲೆ ಬಂದವರಿಗೆ, ಅವರ ಮಕ್ಕಳಿಗೆ. ಹತ್ತಿಕಟ್ಟಿಗೆಯ ಹೊಗೆಯಲ್ಲಿ ನನ್ನ ಕಣ್ಣು ಮೆಣಸಿನಕಾಯಿ ಆಗಿತ್ತು. ಒಂದು ದಿನ ಪುಂಡಿಪಲ್ಲೆ, ಎಳ್ಳು ತರಲು ಸಂತೆಗೆ ಹೋಗಿದ್ದೆ. ತಿರುಗಿ ಬಂದರೆ ಒಲೆ ಆರಿದೆ, ಎಲ್ಲರ ಸ್ನಾನವೂ ಮುಗಿದಿದೆ. ಬೀಗತಿ ನನ್ನ ಕೈಯಿಂದ ಚೀಲ ಇಸಿದುಕೊಂಡು ಅಕ್ಕರೆಯಿಂದಲೇ ಅಂದರು: "ಅಲ್ಲಿ ಅಷ್ಟು ಬೆಚ್ಚನ ನೀರು ಸುಮ್ಮನ ನಿಂತಾವು, ಇಲ್ಲಿ ನೀವು ಹೊಗ್ಯಾಗ ಕಣ್ಣು ಕಳಕೊಳ್ಳಾಕತ್ತೀರಿ. ಎಂಥಾ ಹುಚ್ಚಕ್ಕಾರ ನೀವು."

ಪ್ಲಾಸ್ಟಿಕ್ ಮನೆಗೆ ಓಡಿದೆ. ಬಾಗಿಲು ತೆರೆದೇ ಇತ್ತು, ಸಂಜೆಯ ಗಾಳಿ ನೇರ ಒಳಗೆ ಹೊಡೆಯುತ್ತಿತ್ತು. ಡ್ರಮ್ಮುಗಳು ಅಂಚಿನವರೆಗೂ ತುಂಬಿದ್ದವು. ಕೈ ಹಾಕಿದೆ. ಸಿಮೆಂಟಿನ ತೊಟ್ಟಿಯ ನೀರು, ಬೆರಳು ಮರಗಟ್ಟುವಷ್ಟು ಥಂಡಿ. ಬೀಗತಿ ಹಿಂದೆಯೇ ಬಂದಿದ್ದರು. ಖಾಲಿ ಬಿಟ್ಟಿಲ್ಲ, ಎಷ್ಟು ತೆಗೆದೆವೋ ಅಷ್ಟೂ ತುಂಬಿಸಿಟ್ಟಿದ್ದೇವೆ ಅಂತ ಹೆಮ್ಮೆಯಿಂದ ಹೇಳಿದರು. ಪರರ ವಸ್ತು ಮುಟ್ಟಿದರೆ ಇದ್ದ ಹಾಗೆ ಇಡುವುದು ಅವರ ಮನೆಯ ಪದ್ಧತಿ. ಅದು ಸುಳ್ಳೂ ಅಲ್ಲ. ಅವರ ಲೆಕ್ಕದಲ್ಲಿ ತುಂಬಿದ ಡ್ರಮ್ಮು ಅಂದರೆ ತುಂಬಿದ ಡ್ರಮ್ಮು. ಹಗಲೆಲ್ಲ ಅದರೊಳಗೆ ಕೂಡಿದ್ದು ಏನು, ಬಚ್ಚಲಿನಲ್ಲಿ ಹರಿದುಹೋದದ್ದು ಏನು ಅಂತ ಕಣ್ಣಿಗೆ ಕಾಣುವ ಹಾಗಿದ್ದರೆ ತಾನೆ.

ಇದು ಸಸಿಗೆಂದು ಬಿಸಿಲಿಗಿಟ್ಟ ನೀರು, ರಾತ್ರಿ ಇದರ ಕಾವಿನಿಂದಲೇ ಸಸಿ ಬದುಕುವುದು ಅಂತ ನಗುನಗುತ್ತಲೇ ತಿಳಿಸಿ ಹೇಳಿದೆ. ಹೌದೇನು ಅಂದರು. ಮರುದಿನ ಸಂಜೆ ಮತ್ತೆ ಕೊಡ ಹಿಡಿದು ಹೋದರು. ಅದರ ಮರುದಿನವೂ ಅಷ್ಟೆ. ನೀರು ಹೆಚ್ಚು ಬೆಚ್ಚಗಿರುವುದು ಸಂಜೆಗೆ, ಸಸಿಗೆ ಅದು ಬೇಕಾಗುವುದೂ ಆಗಿನಿಂದಲೇ. ಅವರ ಸ್ನಾನವೂ ಸರಿಯಾಗಿ ಅದೇ ಹೊತ್ತಿಗೆ. ತಂಗಿಯ ಮಕ್ಕಳು ಒಳಗೆ ಬೆಚ್ಚಗಿದೆ ಅಂತ ಅಲ್ಲೇ ಚಾಪೆ ಹಾಕಿ ಫೋನು ನೋಡುತ್ತಾ ಕೂರುತ್ತಿದ್ದರು. ಎದ್ದು ಹೋಗುವಾಗ ಬಾಗಿಲು ಎಳೆಯುವ ಅಭ್ಯಾಸ ಒಬ್ಬರಿಗೂ ಇರಲಿಲ್ಲ.

ಯಜಮಾನರಿಗೆ ಹೇಳಿದರೆ ಅವರು ತಲೆ ಕೆರೆದುಕೊಂಡರು. ಬೀಗರಿಗೆ ಊಟ ಕಡಿಮೆ ಮಾಡಿದರೂ ನಡೆದೀತು, ನೀರು ಮುಟ್ಟಬೇಡಿ ಅಂತ ಯಾವ ಬಾಯಿಂದ ಹೇಳಲಿ ಅಂದರು. ಒಲೆಗೆ ಇನ್ನಷ್ಟು ಕಟ್ಟಿಗೆ ಹಾಕಿ ಎರಡು ಹಂಡೆ ನೀರು ಕಾಯಿಸಿಟ್ಟರು. ಬೀಗತಿ ಅದನ್ನು ಮುಟ್ಟಲಿಲ್ಲ. ಹೊಗೆಯ ನೀರು ಕೂಸಿನ ಮೈಗೆ ಒರಟು, ಬಿಸಿಲ ನೀರೇ ಮೆತ್ತಗೆ ಅಂದರು. ಕೊನೆಗೆ ನಾನೇ ಗಟ್ಟಿ ಮನಸ್ಸು ಮಾಡಿ, ಅವರು ಕೊಡ ಹಿಡಿದು ಹೊರಟಾಗ ಬಾಗಿಲಿಗೆ ಅಡ್ಡ ನಿಂತೆ.

"ಇವತ್ತೊಂದು ದಿನ ಬ್ಯಾಡ್ರಿ ಅಕ್ಕಾರ. ಸಸಿ ತುದಿ ಹಳದಿ ಆಗ್ಯಾವು."

"ನೀರಿಗೂ ಪಹರೆ ಹಾಕ್ತಾರ ಅಂತ ಇವತ್ತ ನೋಡಿದೆ."

"ಹಂಗಲ್ರಿ. ಒಲಿ ಮ್ಯಾಲ ಹಂಡೆ ತುಂಬ ಐತಲ್ಲ."

"ನಾ ನನಗ ಕೇಳಾಕತ್ತಿಲ್ಲ. ಕೂಸಿಗೆ ಕೇಳಾಕತ್ತೀನಿ. ಕೂಸಿಗಿಂತ ಹೆಚ್ಚೇನ್ರಿ ನಿಮ್ಮ ಸಸಿ?"

ಕೂಸಿಗಿಂತ ಸಸಿ ಹೆಚ್ಚು ಅಂದರೆ ನಾನು ಎಂಥವಳಾಗುತ್ತೇನೆ? ಪಕ್ಕಕ್ಕೆ ಸರಿದು ನಿಂತೆ. ಆಮೇಲೆ ನೋಡಿದರೆ ಕೂಸಿಗೆ ಸುರಿದದ್ದು ಎರಡು ತಂಬಿಗೆ, ಉಳಿದದ್ದು ತಂಗಿಯ ಮಕ್ಕಳ ತಲೆಗೆ.

ಮಗಳಿಗೆ ಇದ್ಯಾವುದನ್ನೂ ನಾವು ಹೇಳಿರಲಿಲ್ಲ. ಬಾಣಂತಿಗೆ ಚಿಂತೆ ಹತ್ತಿದರೆ ಎದೆಹಾಲು ಇಳಿಯುವುದಿಲ್ಲ. ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಅವಳು. ಸಸಿ ಹೇಗಿದೆ ಅಂತ ದಿನಾ ಕೇಳುತ್ತಿದ್ದಳು, ಚೆನ್ನಾಗಿದೆ ಅನ್ನುತ್ತಿದ್ದೆವು. ಬೀಗತಿಗೆ ಸೊಸೆಯ ಮೇಲೆ ಪ್ರೀತಿ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಒಂದು ದಿನ ನೀವು ದಣಿದಿದ್ದೀರಿ ಅಂತ ನನ್ನನ್ನು ಪಕ್ಕಕ್ಕೆ ಸರಿಸಿ, ಬಾಣಂತಿಗೆ ತಾವೇ ನೀರು ಹಾಕಲು ನಿಂತರು. ಹಂಡೆಯ ಕುದಿನೀರಿಗೆ ಬೆರೆಸಲು ಡ್ರಮ್ಮಿನಿಂದ ಕೊಡಗಟ್ಟಲೆ ತಂದಿಟ್ಟುಕೊಂಡಿದ್ದರು. ನಾನು ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದೆ. ಮೊದಲ ತಂಬಿಗೆ ತಲೆಯ ಮೇಲೆ ಬಿದ್ದದ್ದೇ ಮಗಳು ಮುಖ ಎತ್ತಿದಳು. ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. ಅಂಗೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದಳು.

"ಅವ್ವಾ, ಇದು ಡ್ರಮ್ಮಿನ ನೀರು. ತುಕ್ಕಿನ ವಾಸನಿ ಐತಿ."

ಬೀಗತಿ ಸುರಿಯುತ್ತಲೇ ಇದ್ದರು. ಹೌದು, ಬಿಸಿಲಿನ ನೀರು, ಮೈಗೆ ಒಳ್ಳೆಯದು, ಕಣ್ಣು ಮುಚ್ಚು ಅಂದರು. ಮಗಳು ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಅವಳ ಕೈಯಿಂದಲೇ ಕಪ್ಪಾದ ಡ್ರಮ್ಮಿನಲ್ಲಿ ಕೂಡಿದ, ಅವಳ ಸಸಿಗೆ ಸಲ್ಲಬೇಕಾಗಿದ್ದ ಕಾವು ಅವಳ ನೆತ್ತಿಯ ಮೇಲೆ ಬಿದ್ದು, ಮೋರಿಗೆ ಹರಿದು, ಹಿತ್ತಲ ಬಾಳೆಗಿಡದ ಬುಡಕ್ಕೆ ಹೋಗುತ್ತಿತ್ತು. ಎಷ್ಟು ದಿನದಿಂದ ಅಂತ ಕೇಳಿದಳು. ನಾನು ಟವೆಲ್ ಮುಂದೆ ಮಾಡಿದೆ. ಅವಳಿಗೆ ಅಷ್ಟೇ ಸಾಕಾಯಿತು.

ಮರುದಿನ ಮಧ್ಯಾಹ್ನ ಕೂಸಿಗೆ ಹಾಲು ಕುಡಿಸಿ ಮಲಗಿಸಿ, ಯಾರಿಗೂ ಹೇಳದೆ ಎದ್ದು ಅಂಗಳ ದಾಟಿ ಹೊರಟಳು. ಬಾಣಂತಿ ಬಯಲಿಗೆ ಬಂದದ್ದು ನೋಡಿ ಬೀಗತಿ ತಲೆ ತಲೆ ಬಡಿದುಕೊಂಡರು. ಅವಳು ತಿರುಗಿ ನೋಡಲಿಲ್ಲ. ಒಳಗೆ ಸಸಿ ಮಲಗಿಬಿಟ್ಟಿತ್ತು. ತುದಿ ಸುಟ್ಟ ಹಾಗೆ ಕಂದು, ಎಲೆ ಸುರುಳಿ, ಬುಡದಲ್ಲಿ ಕೊಳೆತ ವಾಸನೆ. ಮಾವನ ಮಡಿಯಲ್ಲಿ ಹಳದಿಯಾದರೂ ಸಸಿ ನಿಂತಿರುತ್ತಿತ್ತು. ಇವು ಹುಟ್ಟಿನಿಂದ ಬೆಚ್ಚಗೆ ಬೆಳೆದವು, ಒಮ್ಮೆಲೇ ಬಿದ್ದ ಚಳಿಯನ್ನು ತಡೆಯಲಿಲ್ಲ. ಅವಳು ಒಂದು ಸಸಿ ಎಳೆದಳು. ಬೇರಿಲ್ಲದೆ ಕೈಗೆ ಬಂತು. ಮತ್ತೊಂದು ಎಳೆಯಲಿಲ್ಲ.

ಅಮಾವಾಸ್ಯೆಯ ದಿನ ಚರಗ ಚೆಲ್ಲಿ ಎಲ್ಲರೂ ಬನ್ನಿ ಮರದ ಕೆಳಗೆ ಉಂಡೆವು. ಉಂಡು ಕೈ ತೊಳೆದು ಬೀಗರು ಪ್ಲಾಸ್ಟಿಕ್ ಮನೆ ನೋಡಲು ಹೋದರು. ಹೋಗುವಾಗ ಏನು ನೋಡುತ್ತಾರೆ ಅಂತ ನನಗೆ ಗೊತ್ತಿತ್ತು. ಹೊರಗೆ ಬಂದು ಯಜಮಾನರ ಹೆಗಲ ಮೇಲೆ ಕೈ ಇಟ್ಟು, ಸೋತವನಿಗೆ ಸಮಾಧಾನ ಹೇಳುವ ದೊಡ್ಡಸ್ತಿಕೆಯಿಂದ ಮಾತಾಡಿದರು. ಹುಡುಗಿಯದೇನೂ ತಪ್ಪಿಲ್ಲ, ನೆಲ್ಲು ಮನೆಯೊಳಗೆ ಬೆಳೆಯುವ ವಸ್ತುವೇ ಅಲ್ಲ, ಈಗಲಾದರೂ ತಿಳಿಯಿತಲ್ಲ, ಇನ್ನು ಕೂಸು ನೋಡಿಕೊಂಡು ಇರಲಿ. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಯಜಮಾನರು ಕಣ್ಣಿನಲ್ಲೇ ಬೇಡ ಅಂದರು. ಅವಳು ಅಲ್ಲಿ ಬಾಳಬೇಕು, ನೀನಲ್ಲ ಅಂತ ಆಮೇಲೆ ಹೇಳಿದರು. ಅದೂ ಖರೆಯೇ. ಖರೆಯಾದ ಮಾತುಗಳೇ ನಮ್ಮ ಬಾಯಿ ಕಟ್ಟಿಹಾಕುತ್ತವೆ. ಗಾಡಿ ಹತ್ತುವಾಗ ಬೀಗತಿ ನನ್ನನ್ನು ತಬ್ಬಿಕೊಂಡು ಹೊಗಳಿದರು.

"ಏನ ಅನ್ನರಿ, ನಿಮ್ಮ ಮನ್ಯಾಗ ಬಿಸಿನೀರಿಗೆ ಮಾತ್ರ ಕೊರತಿ ಇಲ್ಲ."

ಅವರು ಹೋದ ಮೇಲೆ ಮಗಳು ಪ್ಲಾಸ್ಟಿಕ್ ಮನೆಯ ಸುದ್ದಿ ಎತ್ತಲಿಲ್ಲ. ಯಜಮಾನರು ತಾವಾಗಿಯೇ ಉಳಿದ ಬೀಜ ಚೆಲ್ಲಿದರು. ಡ್ರಮ್ಮು ಮುಟ್ಟುವವರು ಯಾರೂ ಇರಲಿಲ್ಲ, ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚುತ್ತಿತ್ತು. ಸಸಿ ಬಂತು. ಮೊದಲಿನದಕ್ಕಿಂತ ದಟ್ಟ, ಮೊದಲಿನದಕ್ಕಿಂತ ಹಸಿರು. ಅಷ್ಟೊತ್ತಿಗೆ ವಳಕಮದಿನ್ನಿಯಲ್ಲಿ ನಾಟಿ ಮುಗಿದಿತ್ತು. ಅಳಿಯನಿಗೆ ಫೋಟೊ ಕಳಿಸೋಣ ಅಂದೆ. ಬೇಡ ಅಂದಳು. ಹಸಿರು ಕಂಬಳಿಯ ಹಾಗೆ ನಿಂತಿದ್ದ ಆ ಸಸಿಯನ್ನು ಒಂದು ದಿನ ನಾನೇ ಕುಡುಗೋಲಿನಿಂದ ಕೊಯ್ದು ಎಮ್ಮೆಗೆ ಹಾಕಿದೆ. ಎಮ್ಮೆ ಬಹಳ ಇಷ್ಟಪಟ್ಟು ತಿಂದಿತು.

ಕೂಸು ಮಾತ್ರ ದಿನಕ್ಕೊಂದು ಚಂದ. ಮಗ್ಗುಲಾಯಿತು, ಅಂಗಾತ ಬಿದ್ದು ತನ್ನ ಕಾಲು ತಾನೇ ಬಾಯಿಗೆ ಹಾಕಿಕೊಂಡಿತು, ನನ್ನ ದನಿ ಕೇಳಿದರೆ ತಲೆ ತಿರುಗಿಸಿತು. ಸಾಯುವ ತನಕ ನೋಡುತ್ತಾ ಕೂತಿರಬಹುದಾಗಿತ್ತು. ಐದನೆಯ ತಿಂಗಳಿಗೆ ತೊಟ್ಟಿಲು, ಬಟ್ಟೆ, ಪಾತ್ರೆ ಕೊಟ್ಟು ತಾಯಿ ಕೂಸನ್ನು ಕಳಿಸುವ ಹೊತ್ತು ಬಂತು. ಮುಂಚಿನ ದಿನ ಬೀಗತಿ ಫೋನು ಮಾಡಿದರು. ಸಾಮಾನಿನ ಜೊತೆಗೆ ಆ ಕಪ್ಪು ಡ್ರಮ್ಮುಗಳನ್ನೂ ಹಾಕಿ ಕಳಿಸಿ, ಕೂಸಿನ ಸ್ನಾನಕ್ಕೆ ಬೇಕು, ಹೇಗಿದ್ದರೂ ಅಲ್ಲಿ ಇನ್ನು ಉಪಯೋಗಕ್ಕಿಲ್ಲವಲ್ಲ ಅಂದರು. ನಾನು ಫೋನಿಗೆ ಕೈ ಅಡ್ಡ ಹಿಡಿದು ಮಗಳಿಗೆ ಹೇಳಿದೆ. ಮಗಳು ಕೂಸಿನ ಕುಲಾಯಿ ಮಡಚುತ್ತಿದ್ದಳು.

"ಕೊಟ್ಟಬಿಡವ್ವ," ಅಂದಳು.

ಯಜಮಾನರು ಡ್ರಮ್ಮುಗಳ ನೀರು ಚೆಲ್ಲಿ, ತೊಳೆದು, ಟೆಂಪೊದಲ್ಲಿ ತೊಟ್ಟಿಲ ಪಕ್ಕಕ್ಕೆ ಕಟ್ಟಿದರು.

ಮತ್ತೆ ಚಳಿಗಾಲ ಬಂತು. ಕೂಸಿನ ಜಾವಳ ತೆಗೆಸಲು ಕರೆದರು. ನನಗೆ ಮೊದಲೇ ಒಂದು ವಾರ ನಿದ್ದೆಯಿಲ್ಲ. ಬೆಳ್ಳಿ ಉಡದಾರ ಮಾಡಿಸಿದ್ದೆ, ಶೇಂಗಾ ಹೋಳಿಗೆ ಮಾಡಿಕೊಂಡಿದ್ದೆ. ಸಿಂಧನೂರಿನಲ್ಲಿ ಇಳಿದು ಊರಿಗೆ ಹೋಗುವ ದಾರಿಯಲ್ಲಿ ಆರ್.ಎಚ್. ಕ್ಯಾಂಪ್ ಅನ್ನುವ ಊರಿನವರು ಗದ್ದೆ ಹದ ಮಾಡುತ್ತಿದ್ದರು. ಮನೆ ಮುಟ್ಟಿದಾಗ ಕೂಸು ಗೋಡೆ ಹಿಡಿದು ನಿಂತಿತ್ತು. ನನ್ನನ್ನು ನೋಡಿ ಗೋಡೆ ಬಿಟ್ಟು ಮೂರು ಹೆಜ್ಜೆ ಇಟ್ಟು ನನ್ನ ಸೀರೆಯ ಮೇಲೆ ಬಿತ್ತು. ಬೇರೆ ಯಾರಿಗೂ ಇಡದ ಹೆಜ್ಜೆ ನನಗೆ ಇಟ್ಟಿತು ಅಂತ ಎಲ್ಲರೂ ಹೇಳಿದರು. ನನ್ನ ಎದೆ ಒಡೆದುಹೋಗುವುದೊಂದು ಬಾಕಿ.

ಜಾವಳ ಮುಗಿದ ಮೇಲೆ ಕೂಸಿಗೆ ಸ್ನಾನ ಮಾಡಿಸಲು ಹಿತ್ತಲಿಗೆ ಕರೆದೊಯ್ದರು. ಕಾಲುವೆ ಕಡೆಯ ಆ ಪಟ್ಟಿಯ ತುಂಬ ಹುಲ್ಲಿನ ಬಣವೆ, ಮನೆಯ ಮಾಳಿಗೆಯಷ್ಟು ಎತ್ತರ. ಇತ್ತ ಬಿಸಿಲು ಬೀಳುವ ಗೋಡೆಗೆ ನಮ್ಮ ಕಪ್ಪು ಡ್ರಮ್ಮುಗಳು. ಬೀಗತಿ ಬಂದ ನೆಂಟರಿಗೆಲ್ಲ ಕೈ ಹಾಕಿಸಿ ತೋರಿಸುತ್ತಿದ್ದರು. ಬಿಸಿಲ ನೀರು, ಒಂದು ಕಟ್ಟಿಗೆ ಖರ್ಚಿಲ್ಲ, ಹೀಗೆ ಕಪ್ಪು ಬಳಿದು ಇಡಬೇಕು ಅಂತ ಹೇಳಿಕೊಡುತ್ತಿದ್ದರು. ಹೆಂಗಸರು ತಲೆದೂಗುತ್ತಿದ್ದರು. ಮಗಳು ಕೂಸಿನ ಬೋಳುತಲೆಗೆ ನೀರು ಸುರಿಯುತ್ತಿದ್ದಳು. ಆಗ ಬೀಗರು ಗದ್ದೆಯಿಂದ ಬಂದರು. ಸಸಿ ಈ ವರ್ಷವೂ ಹಳದಿಯಾಗಿ ನಿಂತಿದೆ, ಈ ಸುಡುಗಾಡು ಚಳಿ ಅಂತ ಬೈಯುತ್ತಲೇ ಕಾಲು ತೊಳೆದುಕೊಂಡರು.

ಮಗಳು ಸುರಿಯುವುದನ್ನು ನಿಲ್ಲಿಸಿದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, 'ಮಾವಾ' ಅಂದಳು. "ಈ ಡ್ರಮ್ಮು ಮಡಿ ಬಾಜೂಕ ಇಟ್ಟು ಮ್ಯಾಲ ಪ್ಲಾಸ್ಟಿಕ್ ಹಾಕಿದ್ರ ಸಸಿ ಹಸರ ಇರತಿತ್ತು."

"ಮತ್ತ ಕೂಸಿಗೆ ಏನ ಹಾಕತಿದ್ದಿ, ಥಂಡಿ ನೀರ?" ಅಂದರು ಬೀಗರು. ನೆಂಟರು ನಕ್ಕರು.

ವರ್ಷವೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಆಗ ನನ್ನ ಬಾಯಿಂದ ಬಂದುಬಿಟ್ಟಿತು. ದನಿ ಏರಿಸಲಿಲ್ಲ. ಹೋದ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ದಿನಾ ಸಂಜೆ ಕಾದ ನೀರು ತೆಗೆದು ಥಂಡಿ ನೀರು ತುಂಬಿದ್ದು, ಬಾಗಿಲು ತೆರೆದಿಟ್ಟದ್ದು, ಸಸಿ ಸತ್ತದ್ದು ಅದರಿಂದ, ನನ್ನ ಮಗಳ ಕೆಲಸ ಸುಳ್ಳಲ್ಲ, ನೀವು ಹೋದ ಮೇಲೆ ಅದೇ ಮನೆಯಲ್ಲಿ ಸಸಿ ಮೊಣಕಾಲುದ್ದ ಬಂತು ಅಂತ ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಬೀಗತಿಯ ಮುಖದಲ್ಲಿ ನಾನು ನೋಡಿದ್ದು ಸಿಟ್ಟಲ್ಲ, ನಿಜವಾದ ಬೆರಗು.

"ಅಯ್ಯ, ನಾಕು ಕೊಡ ನೀರಿನ ಮಾತು ಒಂದ ವರ್ಷ ಇಟಗೊಂಡಿದ್ರೇನ್ರಿ ಅಕ್ಕಾರ? ತುಂಬಿಸಿ ಇಟ್ಟಿದ್ವಲ್ಲ ನಾವು."

ಅಷ್ಟೇ. ಬೀಗರು ಊಟಕ್ಕೆ ಏಳಿ ಅಂದರು. ಎಲ್ಲರೂ ಎದ್ದರು. ನನ್ನ ಎಲೆಗೆ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದರು, ತುಪ್ಪ ಸುರಿದರು. ನಾನು ಹೇಳಿದ್ದು ಆ ಮನೆಯೊಳಗೆ ಯಾವ ಗೋಡೆಗೂ ತಾಗದೆ ಹೊರಗೆ ಹೋಗಿಬಿಟ್ಟಿತ್ತು.

ಸಂಜೆಯ ಬಸ್ಸಿಗೆ ಮಗಳು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ರಸ್ತೆಯವರೆಗೂ ಬಂದಳು. ಯಾಕೆ ಹೇಳಿದೆ ಅಂತ ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಬಣವೆ ಸರಿಸಿಕೊಡು ಅಂತ ಗಂಡನಿಗೆ ಕೇಳಿದ್ದಾಳಂತೆ. ಸುಗ್ಗಿ ಆಗಲಿ ಅಂದಿದ್ದಾನಂತೆ.

"ಸುಗ್ಗಿ ಆದ ಮ್ಯಾಲ ಹೊಸ ಹುಲ್ಲು ಬರತೈತಲ್ಲ," ಅಂದೆ.

"ಹೂಂ. ಗೊತ್ತೈತವ್ವ."

ಬಸ್ಸು ಬಂತು. ಕೂಸಿಗೆ ಈಚೆಗೆ ಟಾಟಾ ಮಾಡುವುದು ಕಲಿಸಿದ್ದಾರೆ. ಹೊರಟ ಬಸ್ಸಿಗೆ ಕೈ ತಿರುವುವುದು ಬಿಟ್ಟು ತನ್ನ ಮುಖಕ್ಕೇ ತಿರುವಿಕೊಂಡಿತು. ನನಗೆ ನಗು ತಡೆಯಲಾಗಲಿಲ್ಲ. ಕಾಲುವೆಯ ತಿರುವಿನಲ್ಲಿ ಅವರಿಬ್ಬರೂ ಮರೆಯಾಗುವ ತನಕ ಕಿಟಕಿಯಿಂದ ಕೈ ಬೀಸಿದೆ. ಕೂತಾಗಲೂ ನಗು ಮುಖದ ಮೇಲೆ ಹಾಗೇ ಉಳಿದಿರಬೇಕು. ಪಕ್ಕದಲ್ಲಿದ್ದ ಹೆಂಗಸು ಮೊಮ್ಮಗಳೇನ್ರಿ ಅಂತ ಕೇಳಿದಳು. ಹೌದು ಅಂದೆ. ಹಲ್ಲು ಬಂದದ್ದು, ಮೂರು ಹೆಜ್ಜೆ ಇಟ್ಟದ್ದು, ಕಿವಿ ಯಾರ ಹಾಗಿದೆ ಅನ್ನುವುದು, ಮಸ್ಕಿ ಬರುವ ತನಕ ಎಲ್ಲ ಹೇಳಿದೆ. ಮಗಳು ಏನು ಮಾಡುತ್ತಾಳೆ ಅಂತಲೂ ಅವಳು ಕೇಳಿದಳು. ಮನೆಯಲ್ಲೇ ಇರುತ್ತಾಳೆ ಅಂದೆ.